ಕರೆದರೆ ಓಗೊಡುವ ಸಂಗೀತ

ಇದು ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಜಾಝ್ ಎಂಬ ಅಮೆರಿಕದ ಕಪ್ಪು ಜನರ ಸಂಗೀತದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಅಂದು ಮಧ್ಯೆ ಮಧ್ಯೆ ಹಾಡು ಕೇಳಿಸುತ್ತಿದ್ದೆ. ಬರಹದಲ್ಲಿ ಅದು ಆಗದ ಮಾತು. ಹಾಗಾಗಿ ಹಾಡು ಕೇಳಿಸಿದ ಕಡೆಗಳಲ್ಲಿ ಏನನ್ನು ಗಮನಿಸಬೇಕು ಎನ್ನುವುದನ್ನು ಇಲ್ಲಿ ಸ್ವಲ್ಪ ಜಾಸ್ತಿ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಹಾಡು ಕೇಳೋಣ. ಮಾತು ಆಮೇಲೆ.

ಈಗ ಕೇಳಿದಿರಲ್ಲ, ಅದು 'ಸೇಂಟ್ ಲೂಯಿಸ್ ಬ್ಲೂಸ್'. ಕಟ್ಟಿದವರು ಡಬ್ಲ್ಯು. ಸಿ. ಹ್ಯಾಂಡಿ. ಈ ಗ್ರಾಮಫೋನ್ ಪ್ಲೇಟು 1925ರ ಜನವರಿಯದು. ಹಾಡಿದವರು ಬೆಸ್ಸಿ ಸ್ಮಿತ್. ಪಕ್ಕದಲ್ಲಿ ಕಾರ್ನೆಟ್ ಊದಿದವರು ಲೂಯಿ ಆರ್ಮ್‌ಸ್ಟ್ರಾಂಗ್. ಟ್ರಂಪೆಟ್ಟನ್ನೇ ಸ್ವಲ್ಪ ಗಿಡ್ಡ ಮಾಡಿದ ಹಾಗಿರುವ ವಾದ್ಯ ಕಾರ್ನೆಟ್. ಆರ್ಮ್‌ಸ್ಟ್ರಾಂಗ್‌ಗೆ ಆಗ 23 ವರ್ಷ. ಹಿಂದೆ ಎಳೆದೆಳೆದು ಕೇಳಿಸುತ್ತಿದ್ದದ್ದು ಹಾರ್ಮೋನಿಯಂ. ನಮ್ಮ ಕಂಪನಿ ನಾಟಕಗಳಲ್ಲಿ ಕಾಲಿನಿಂದ ತಿದಿ ಒತ್ತುತ್ತಾ ನುಡಿಸುತ್ತಿದ್ದರಲ್ಲ, ಆ ಜಾತಿಯದು.

ಬೆಸ್ಸಿ ಒಂದು ಸಾಲು ಹಾಡುತ್ತಾರೆ. ನಿಲ್ಲಿಸುತ್ತಾರೆ. ಆ ಬಿಡುವಿನಲ್ಲಿ ಕಾರ್ನೆಟ್ ಉತ್ತರ ಕೊಡುತ್ತದೆ. ಮತ್ತೆ ಬೆಸ್ಸಿ. ಮತ್ತೆ ಕಾರ್ನೆಟ್. ಒಂದೂ ಸಲ ಆತ ಆಕೆಯ ಮಾತಿಗೆ ಅಡ್ಡ ಬರುವುದಿಲ್ಲ. ಕೇಳುತ್ತಾ ಹೋದರೆ ಎಲ್ಲೋ ಒಂದು ಕಡೆ ಇದು ಹಾಡು ಎನ್ನುವುದೇ ಮರೆಯುತ್ತದೆ. ಜಗಲಿ ಮೇಲೆ ಕೂತು ಒಬ್ಬಳು ಕಷ್ಟ ಹೇಳಿಕೊಳ್ಳುತ್ತಿದ್ದಾಳೆ, ಪಕ್ಕದಲ್ಲಿ ಕೂತವನು ಹೂಂ, ಹೌದು, ಪಾಪ ಎನ್ನುತ್ತಿದ್ದಾನೆ.

ನಮ್ಮಪ್ಪ ಊರಿನ ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ನಾನು ಕಾಲೇಜಿನಲ್ಲಿದ್ದಾಗ ಈ ಹಾಡಿನ ಕ್ಯಾಸೆಟ್ಟನ್ನು ರಜೆಯಲ್ಲಿ ಮನೆಗೆ ತಂದೆ. ಅವರಿಗೆ ಇಷ್ಟವಾಗುವುದಿಲ್ಲ ಎಂದುಕೊಂಡಿದ್ದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ, 'ನಮ್ಮ ಭಜನೆ ಹಾಗೇ ಅಲ್ವಾ ಇದು? ಒಬ್ಬರು ಹೇಳೋದು, ಇನ್ನೊಬ್ಬರು ಓಗೊಡೋದು' ಎಂದರು. ಆಮೇಲೆ ಜಾಝ್ ಬಗ್ಗೆ ನಾನು ಬಹಳ ಓದಿದೆ. ಅಪ್ಪ ಹೇಳಿದ್ದಕ್ಕಿಂತ ಹತ್ತಿರದ ಮಾತು ನನಗೆ ಸಿಗಲಿಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ಭಜನೆಯಲ್ಲಿ ಹೇಳಿದ ಸಾಲನ್ನೇ ಎಲ್ಲರೂ ಮತ್ತೆ ಹೇಳುತ್ತಾರೆ. ಜಾಝ್‌ನಲ್ಲಿ ಅದೇ ಸಾಲನ್ನು ವಾಪಸ್ ಕೊಟ್ಟರೆ ಅದು ಉತ್ತರ ಅನ್ನಿಸುವುದಿಲ್ಲ. ಓಗೊಡುವವನು ತನ್ನದೇ ಮಾತು ಹೇಳಬೇಕು. ಆದರೆ ಕೇಳಿಸಿಕೊಂಡೇ ಹೇಳಬೇಕು.

ಜಾಝ್ ಅಂದರೆ ಸ್ವಾತಂತ್ರ್ಯ, ಮನಸ್ಸಿಗೆ ಬಂದದ್ದನ್ನು ನುಡಿಸುವುದು ಎಂದು ಬಹಳ ಜನ ಹೇಳುತ್ತಾರೆ. ನನಗೆ ಈ ಮಾತು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಒಬ್ಬನೇ ಎದ್ದು ನಿಂತು ಊದುವುದು ಎದ್ದು ಕಾಣುತ್ತದೆ, ನಿಜ. ಆದರೆ ಬೇರು ಇರುವುದು ಆ ಓಗೊಡುವಿಕೆಯಲ್ಲಿ. ಅದು ಎಲ್ಲಿಂದ ಬಂತು ಎನ್ನುವುದನ್ನು ನೋಡದೆ ಈ ಸಂಗೀತವನ್ನು ಕೇಳಬಾರದು.

ಆಫ್ರಿಕಾದಿಂದ ಹಡಗಿನಲ್ಲಿ ತುಂಬಿಸಿ ತಂದ ಜನರ ಕೈಯಲ್ಲಿ ಏನೂ ಇರಲಿಲ್ಲ. ಸೌತ್ ಕ್ಯಾರೊಲೈನಾದಲ್ಲಿ 1739ರಲ್ಲಿ ಗುಲಾಮರು ದಂಗೆ ಎದ್ದರು. ಮರುವರ್ಷವೇ ಅಲ್ಲಿ ಒಂದು ಕಾನೂನು ಬಂತು. ಗುಲಾಮರು ಡೋಲು ಬಾರಿಸಬಾರದು. ಡೋಲಿನ ಸದ್ದಿನಿಂದ ಒಂದು ತೋಟದವರು ಇನ್ನೊಂದು ತೋಟದವರನ್ನು ಕರೆಯಬಹುದು ಎನ್ನುವ ಭಯ ಒಡೆಯರಿಗೆ. ಆಗ ಆ ಜನ ಕೈ ತಟ್ಟಿದರು. ನೆಲ ಒದ್ದರು. ತೊಡೆ ಬಡಿದರು. ಕೊಡಲಿ, ಗುದ್ದಲಿ ಬೀಳುವ ಸದ್ದೇ ತಾಳವಾಯಿತು. ಮುಂದಾಳು ಒಂದು ಸಾಲು ಕೂಗುತ್ತಾನೆ, ಉಳಿದವರು ಉತ್ತರ ಹೇಳುವಾಗ ಕೊಡಲಿ ಬೀಳುತ್ತದೆ. ಗುಲಾಮಗಿರಿ ಹೋದ ಮೇಲೂ ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಿನ ಹೊಲಗಳಲ್ಲಿ ಕಪ್ಪು ಕೈದಿಗಳು ಹೀಗೆಯೇ ಹಾಡುತ್ತಾ ದುಡಿಯುತ್ತಿದ್ದರು. ಜನಪದ ಹಾಡುಗಳನ್ನು ಸಂಗ್ರಹಿಸುತ್ತಿದ್ದ ಅಲನ್ ಲೊಮ್ಯಾಕ್ಸ್ 1947ರಲ್ಲಿ ಅಲ್ಲಿಗೆ ಹೋಗಿ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಜಾಝ್ ಕೇಳಬೇಕು ಎನ್ನುವವರಿಗೆ ಮೊದಲು ಅದನ್ನೇ ಕೇಳಿ ಎನ್ನುತ್ತೇನೆ. ಸೌದೆ ಸೀಳುವ ಸದ್ದು ಹಾಡಿನೊಳಗೇ ಇದೆ. ಸುಮ್ನೆ ಕೂತು ಕೇಳುವುದಕ್ಕೆ ಆಗುವುದಿಲ್ಲ.

ಚರ್ಚಿನಲ್ಲೂ ಇದೇ ಕಥೆ. ಓದಲು ಕಲಿಯಬಾರದು ಎಂದು ಒಡೆಯರು ತಡೆದಿದ್ದ ಜನ ಅವರು. ಪುಸ್ತಕ ಹಿಡಿದು ಹಾಡುವಂತಿಲ್ಲ. ಒಬ್ಬರು ಸಾಲು ಹೇಳಿಕೊಡುತ್ತಾರೆ, ಸಭೆ ಅದನ್ನು ಹಿಗ್ಗಿಸಿ, ಬಳುಕಿಸಿ, ತಮ್ಮದು ಮಾಡಿಕೊಂಡು ಹಾಡುತ್ತದೆ.

ಲೂಸಿಯಾನಾದ ನ್ಯೂ ಆರ್ಲಿಯನ್ಸ್ ಊರು ಇದಕ್ಕೆ ಸ್ವಲ್ಪ ಹೊರತು. ಮೊದಲು ಫ್ರೆಂಚರು, ಆಮೇಲೆ ಸ್ಪೇನಿನವರು ಆಳಿದ ಊರು ಅದು. ಅಲ್ಲಿ ಗುಲಾಮರಿಗೆ ಭಾನುವಾರ ಬಿಡುವಿತ್ತು. 1817ರಲ್ಲಿ ನಗರದ ಆಡಳಿತ ಅವರು ಒಟ್ಟು ಸೇರಿ ಕುಣಿಯುವುದಕ್ಕೆ ಒಂದೇ ಜಾಗ ಎಂದು ಗೊತ್ತು ಮಾಡಿತು. ಕಾಂಗೋ ಚೌಕ ಎಂದೇ ಅದಕ್ಕೆ ಹೆಸರು ಬಿತ್ತು. ಬೇರೆ ಕಡೆ ಬಾಯಿ ಮುಚ್ಚಿಸಿದ್ದ ಡೋಲು ಇಲ್ಲಿ ಬಯಲಲ್ಲಿ ಮೊಳಗುತ್ತಿತ್ತು. ಆ ಚೌಕ ಈಗಲೂ ಇದೆ, ಆರ್ಮ್‌ಸ್ಟ್ರಾಂಗ್ ಹೆಸರಿನ ಉದ್ಯಾನದ ಒಳಗೆ. ಅದೇ ಊರಿನಲ್ಲಿ ಹೆಣದ ಮೆರವಣಿಗೆಯ ಮುಂದೆ ಬ್ಯಾಂಡು ಹೋಗುತ್ತದೆ. ಸ್ಮಶಾನಕ್ಕೆ ಹೋಗುವಾಗ ನಿಧಾನದ ಸ್ತುತಿಗೀತೆ. ಮಣ್ಣು ಮಾಡಿ ವಾಪಸ್ ಬರುವಾಗ ಕುಣಿತ. ಬೀದಿಯ ಜನವೆಲ್ಲ ಹಿಂದೆ ಸೇರಿಕೊಳ್ಳುತ್ತಾರೆ.

ಬ್ಲೂಸ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಅದು ಜಾಝ್‌ನ ಮೂಳೆ. ಸಾಮಾನ್ಯವಾಗಿ ಅದರಲ್ಲಿ ಮೂರು ಸಾಲು. ಮೊದಲ ಸಾಲು ಒಂದು ದುಃಖ ಹೇಳುತ್ತದೆ. ಎರಡನೆಯದು ಅದನ್ನೇ ಮತ್ತೆ ಹೇಳುತ್ತದೆ. ಮೂರನೆಯದು ಉತ್ತರ ಕೊಡುತ್ತದೆ. ಪ್ರತಿ ಸಾಲಿನ ಕೊನೆಯಲ್ಲೂ ಖಾಲಿ ಜಾಗ ಇರುತ್ತದೆ, ವಾದ್ಯ ಮಾತಾಡುವುದಕ್ಕೆ. ಅದರ ಗಾಂಧಾರ ಬಹಳ ವಿಶೇಷ. ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ, ಎರಡರ ನಡುವೆ ಎಲ್ಲೋ ಒಲೆದಾಡುತ್ತದೆ. ಪಿಯಾನೊದಲ್ಲಿ ಆ ಸ್ವರಕ್ಕೆ ಮನೆ ಇಲ್ಲ. ಪಿಯಾನೊ ನುಡಿಸುವವರು ಅಕ್ಕಪಕ್ಕದ ಎರಡು ಮನೆಗಳನ್ನು ಒಟ್ಟಿಗೆ ಒತ್ತಿ ಅದನ್ನು ಹುಡುಕುತ್ತಾರೆ. ಗಮಕ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಬೇಗ ಹತ್ತಿರವಾಗುತ್ತದೆ.

ಈಗ ಪ್ಲೇಟುಗಳ ವಿಷಯಕ್ಕೆ ಬರುತ್ತೇನೆ. ಜಾಝ್ ನಮಗೆ ಸಿಕ್ಕಿರುವುದೇ ಪ್ಲೇಟುಗಳಿಂದ. ಆದರೆ ಪ್ಲೇಟು ಪೂರ್ತಿ ಸತ್ಯ ಹೇಳುವುದಿಲ್ಲ. ನ್ಯೂ ಆರ್ಲಿಯನ್ಸಿನ ಸಂಗೀತಗಾರರೆಲ್ಲ ತಮಗಿಂತ ದೊಡ್ಡವನು ಎಂದು ನೆನೆಯುತ್ತಿದ್ದ ಬಡ್ಡಿ ಬೋಲ್ಡನ್ ಎಂಬ ಕಾರ್ನೆಟ್ ವಾದಕ ಇದ್ದ. 1907ರಲ್ಲಿ ಆತನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1931ರಲ್ಲಿ ಅಲ್ಲೇ ತೀರಿಕೊಂಡ. ಆತ ಊದಿದ ಒಂದು ಸ್ವರವೂ ಇಂದು ನಮ್ಮ ಬಳಿ ಇಲ್ಲ. ಜಾಝ್‌ನ ಮೊದಲ ಪ್ಲೇಟು ಎಂದು ಚರಿತ್ರೆ ಗುರುತಿಸುವುದು 1917ರದು, 'ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡ್' ಎಂಬ ಬಿಳಿಯರ ತಂಡದ್ದು. ಅವರೂ ನ್ಯೂ ಆರ್ಲಿಯನ್ಸಿನವರೇ, ಚೆನ್ನಾಗಿಯೇ ನುಡಿಸುತ್ತಿದ್ದರು. ಆದರೆ ಕಪ್ಪು ಜನ ಬೀದಿಯಲ್ಲಿ ಬೆಳೆಸಿದ ಸಂಗೀತಕ್ಕೆ ಬಿಳಿಯರ ಪ್ಲೇಟು ಮೊದಲ ದಾಖಲೆಯಾಯಿತು. ಇದು ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಈ ಸಂಗೀತವನ್ನು ಯಾರು ಬೇಕಾದರೂ ನುಡಿಸಬಹುದು, ನುಡಿಸಲಿ. ಆದರೆ ಇದು ಅಮೆರಿಕದ ಕಪ್ಪು ಜನರ ಸಂಗೀತ ಎಂದು ಬಾಯಿ ಬಿಟ್ಟು ಹೇಳಬೇಕು.

1923ರ ಏಪ್ರಿಲ್‌ನಲ್ಲಿ ಕಾರ್ನೆಟ್ ವಾದಕ ಕಿಂಗ್ ಆಲಿವರ್ ತಂಡ ಇಂಡಿಯಾನಾದ ರಿಚ್ಮಂಡ್ ಊರಿನ ಜೆನೆಟ್ ಎಂಬ ಪ್ಲೇಟು ಕಂಪನಿಗೆ ಹೋಯಿತು. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ. ರೈಲು ಬಂದಾಗ ಕೆಲಸ ನಿಲ್ಲಿಸಬೇಕು. ಮೈಕ್ ಇನ್ನೂ ಬಂದಿರಲಿಲ್ಲ. ಗೋಡೆಯಿಂದ ಚಾಚಿದ ದೊಡ್ಡ ಕಹಳೆಯ ಬಾಯಿಗೆ ಎಲ್ಲರೂ ನುಡಿಸಬೇಕು. ಆ ಕಂಪನದಿಂದಲೇ ಮುಳ್ಳು ಮೇಣದ ಮೇಲೆ ಗೆರೆ ಕೊರೆಯುತ್ತದೆ. ದೊಡ್ಡ ಡೋಲು ಬಾರಿಸಿದರೆ ಮುಳ್ಳು ಹಾರುತ್ತದೆ. ಹಾಗಾಗಿ ಬೇಬಿ ಡಾಡ್ಸ್‌ನಂಥ ಮಹಾ ಡ್ರಮ್ಮರ್ ಮರದ ತುಂಡುಗಳನ್ನು ತಟ್ಟುತ್ತಾ ಕೂರಬೇಕಾಯಿತು. ಒಂದು ಕಾಲಕ್ಕೆ ಕಾನೂನು ಕಿತ್ತುಕೊಂಡಿದ್ದ ಡೋಲನ್ನು ಈಗ ಯಂತ್ರ ಹೊರಗಿಟ್ಟಿತು. ಆ ಪ್ಲೇಟುಗಳನ್ನು ಕೇಳುವಾಗ ಡೋಲನ್ನು ನಾವೇ ಮನಸ್ಸಿನಲ್ಲಿ ಸೇರಿಸಿಕೊಂಡು ಕೇಳಬೇಕು.

ತಂಡದಲ್ಲಿ ಎರಡನೇ ಕಾರ್ನೆಟ್ ಆರ್ಮ್‌ಸ್ಟ್ರಾಂಗ್‌ನದು. ಆತನ ಸದ್ದು ಎಷ್ಟು ದೊಡ್ಡದೆಂದರೆ ಗುರು ಆಲಿವರ್‌ನದು ಕೇಳಿಸುತ್ತಲೇ ಇರಲಿಲ್ಲ. ಆತನನ್ನು ಹಿಂದೆ ಹಿಂದೆ ಸರಿಸಿ ದೂರದ ಮೂಲೆಗೆ ನಿಲ್ಲಿಸಿದರು. ಅಲ್ಲಿ ಒಬ್ಬನೇ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ ಎಂದು ಪಿಯಾನೊ ನುಡಿಸುತ್ತಿದ್ದ ಲಿಲ್ ಹಾರ್ಡಿನ್ ಮುಂದೆ ನೆನೆಸಿಕೊಂಡರು. ಈ ಹೆಣ್ಣುಮಗಳ ಹೆಸರು ನೆನಪಿಟ್ಟುಕೊಳ್ಳಿ.

ಐದು ವರ್ಷ ದಾಟೋಣ. 1928ರ ಜೂನ್ 28, ಷಿಕಾಗೋ. ಈಗ ಮೈಕ್ ಬಂದಿದೆ. ಪ್ಲೇಟಿನ ಒಂದು ಬದಿಗೆ ಮೂರು ನಿಮಿಷದ ಮೇಲೆ ಹೆಚ್ಚು ಹಿಡಿಸುವುದಿಲ್ಲ. ಆ ಮೂರು ಚಿಲ್ಲರೆ ನಿಮಿಷದಲ್ಲಿ ಆರ್ಮ್‌ಸ್ಟ್ರಾಂಗ್ ಮಾಡಿದ 'ವೆಸ್ಟ್ ಎಂಡ್ ಬ್ಲೂಸ್' ಇದು. ಹಾಡು ಗುರು ಆಲಿವರ್‌ನದೇ. ಶುರುವಿನಲ್ಲಿ ಟ್ರಂಪೆಟ್ ಒಂದೇ, ಯಾರ ಜೊತೆಯೂ ಇಲ್ಲದೆ, ಮೆಟ್ಟಿಲು ಹತ್ತಿ ಇಳಿದ ಹಾಗೆ ಒಂದು ಪೀಠಿಕೆ ಹಾಕುತ್ತದೆ. ಹತ್ತು ಹನ್ನೆರಡು ಸೆಕೆಂಡು ಅಷ್ಟೇ. ಎಲ್ಲರೂ ಮೆಚ್ಚುವುದು ಅದನ್ನೇ. ನಾನೂ ಮೆಚ್ಚುತ್ತೇನೆ. ಆದರೆ ನನ್ನ ಜೀವ ಇರುವುದು ಅದರ ಮಧ್ಯದಲ್ಲಿ. ಅಲ್ಲಿ ಜಿಮ್ಮಿ ಸ್ಟ್ರಾಂಗ್ ಕ್ಲಾರಿನೆಟ್ಟಿನಲ್ಲಿ ಸರಳವಾದ ಒಂದು ಸಾಲು ಊದುತ್ತಾರೆ. ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಇಳಿಸಿ ಬಾಯಲ್ಲೇ ಉತ್ತರ ಹೇಳುತ್ತಾರೆ. ಪದವಿಲ್ಲ, ಬರೀ ವಾ-ವಾ-ದೂ ಎನ್ನುವ ಮೆಲುದನಿ. ಗಟ್ಟಿ ಸದ್ದಿಗೆ ಮೂಲೆಗೆ ಹೋಗಿ ನಿಂತಿದ್ದ ಅದೇ ಹುಡುಗ ಇಲ್ಲಿ ಕಿವಿಯ ಹತ್ತಿರ ಬಂದು ಪಿಸುಗುಡುತ್ತಿದ್ದಾನೆ. ಆಮೇಲೆ ಅರ್ಲ್ ಹೈನ್ಸ್ ಪಿಯಾನೊ. ಅದು ಮುಗಿಯುತ್ತಿದ್ದಂತೆ ಟ್ರಂಪೆಟ್ ಮೇಲಿನ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ. ನಿಂತೇ ಇರುತ್ತದೆ. ಬ್ಲೂಸ್‌ನ ಒಂದು ಸಾಲಿನಷ್ಟು ಉದ್ದ. ಅಷ್ಟು ಹೊತ್ತು ಕೇಳುವವರೂ ಉಸಿರು ಬಿಡುವುದಿಲ್ಲ.

ವಾದ್ಯ ಮಾತಾಡಬೇಕು ಎನ್ನುವ ಆಸೆ ಈ ಸಂಗೀತದಲ್ಲಿ ಎಲ್ಲ ಕಡೆ ಇದೆ. ಪಿಯಾನೊ ವಾದಕ ಡ್ಯೂಕ್ ಎಲಿಂಗ್ಟನ್ ತಂಡದ ಬಬ್ಬರ್ ಮೈಲಿ ಟ್ರಂಪೆಟ್ಟಿನ ಬಾಯಿಗೆ ರಬ್ಬರ್ ಬಟ್ಟಲು ಹಿಡಿದು ಮುಚ್ಚಿ ತೆರೆದು ಮಾಡುತ್ತಿದ್ದರು. ಬಚ್ಚಲು ಕಟ್ಟಿಕೊಂಡರೆ ಒತ್ತುತ್ತಾರಲ್ಲ, ಅದೇ ಬಟ್ಟಲು. ಟ್ರಂಪೆಟ್ ಗುರುಗುಟ್ಟುತ್ತಿತ್ತು, ಅಳುತ್ತಿತ್ತು, ಬಯ್ಯುತ್ತಿತ್ತು. ಅವರು ನುಡಿಸುತ್ತಿದ್ದ ನ್ಯೂಯಾರ್ಕಿನ ಹಾರ್ಲೆಮ್‌ನ ಕಾಟನ್ ಕ್ಲಬ್ಬಿನಲ್ಲಿ ವೇದಿಕೆಯ ಮೇಲೆ ಕಪ್ಪು ಕಲಾವಿದರು. ಕೆಳಗೆ ಕೂತು ಕೇಳುವವರು ಬಿಳಿಯರು ಮಾತ್ರ.

ಗಾಯಕಿ ಬಿಲ್ಲಿ ಹಾಲಿಡೇ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1939ರಲ್ಲಿ ಅವರದೊಂದು ಪ್ಲೇಟು ಬಂತು. ಒಂದು ಬದಿಯಲ್ಲಿ 'ಸ್ಟ್ರೇಂಜ್ ಫ್ರೂಟ್'. ಬಿಳಿಯರ ಗುಂಪು ಕಪ್ಪು ಜನರನ್ನು ಹೊಡೆದು ಕೊಂದು ಮರಕ್ಕೆ ನೇತುಹಾಕುತ್ತಿದ್ದ ಕ್ರೌರ್ಯದ ಹಾಡು ಅದು. ಬರೆದವರು ಏಬಲ್ ಮೀರೊಪೋಲ್, ನ್ಯೂಯಾರ್ಕಿನ ಯಹೂದಿ ಶಾಲಾ ಮೇಷ್ಟ್ರು. ಬಿಲ್ಲಿಯ ದೊಡ್ಡ ಕಂಪನಿ ಕೊಲಂಬಿಯಾ ಅದನ್ನು ಮುದ್ರಿಸಲಿಲ್ಲ. ಕಾಮಡೋರ್ ಎಂಬ ಸಣ್ಣ ಕಂಪನಿ ಮುದ್ರಿಸಿತು. ಕೆಫೆ ಸೊಸೈಟಿ ಕ್ಲಬ್ಬಿನಲ್ಲಿ ಅವರು ಇದನ್ನು ಹಾಡುವಾಗ ದೀಪ ಆರಿಸುತ್ತಿದ್ದರು. ಮುಖದ ಮೇಲೆ ಒಂದೇ ಬೆಳಕು. ಊಟ ಬಡಿಸುವುದನ್ನು ನಿಲ್ಲಿಸುತ್ತಿದ್ದರು. ಹಾಡು ಮುಗಿದ ಮೇಲೆ ಅವರು ಮತ್ತೆ ವೇದಿಕೆಗೆ ಬರುತ್ತಿರಲಿಲ್ಲ.

ಇಡೀ ಜಾಝ್‌ನಲ್ಲಿ ಉತ್ತರವಿಲ್ಲದ ಹಾಡು ಇದೊಂದೇ ಎಂದು ನನಗೆ ಅನ್ನಿಸುತ್ತದೆ. ಬಿಲ್ಲಿ ಸಾಲಿನ ಕೊನೆಯಲ್ಲಿ ನಿಲ್ಲಿಸಿದಾಗ ಯಾವ ವಾದ್ಯವೂ ಸಮಾಧಾನ ಹೇಳಲು ಬರುವುದಿಲ್ಲ. ಬರಲೂ ಬಾರದು.

ಅದೇ ಪ್ಲೇಟಿನ ಇನ್ನೊಂದು ಬದಿಯಲ್ಲಿ 'ಫೈನ್ ಅಂಡ್ ಮೆಲೊ' ಎಂಬ ಬ್ಲೂಸ್ ಇದೆ. ಅದನ್ನು ಬಿಲ್ಲಿ 1957ರ ಡಿಸೆಂಬರ್‌ನಲ್ಲಿ ಸಿಬಿಎಸ್ ಟೆಲಿವಿಷನ್‌ನ ನೇರ ಪ್ರಸಾರದಲ್ಲಿ ಹಾಡಿದರು. ಅಂದು ಸಭೆಯಲ್ಲಿ ನಾನು ಅದರ ದೃಶ್ಯವನ್ನೇ ತೋರಿಸಿದೆ. ಕೋಲ್‌ಮನ್ ಹಾಕಿನ್ಸ್, ಬೆನ್ ವೆಬ್‌ಸ್ಟರ್, ರಾಯ್ ಎಲ್ಡ್ರಿಜ್ ಮೊದಲಾದ ದಿಗ್ಗಜರೆಲ್ಲ ಸುತ್ತ ಇದ್ದಾರೆ. ಒಬ್ಬೊಬ್ಬರಾಗಿ ಉತ್ತರ ಕೊಡುತ್ತಾರೆ. ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಸರದಿ ಬರುತ್ತದೆ. ಇಪ್ಪತ್ತು ವರ್ಷದ ಹಿಂದೆ ಇಬ್ಬರೂ ಜೀವದ ಗೆಳೆಯರು. ಬಿಲ್ಲಿಗೆ 'ಲೇಡಿ ಡೇ' ಎಂದು ಹೆಸರಿಟ್ಟದ್ದು ಆತ. ಆತನಿಗೆ 'ಪ್ರೆಜ್' ಎಂದು ಹೆಸರಿಟ್ಟದ್ದು ಈಕೆ. ಈಗ ಇಬ್ಬರ ಮೈಯೂ ಸೋತಿದೆ. ಲೆಸ್ಟರ್ ಊದುವುದು ಬ್ಲೂಸ್‌ನ ಒಂದೇ ಒಂದು ಸುತ್ತು. ಬಹಳ ಕಡಿಮೆ ಸ್ವರ. ಒಂದೊಂದು ಸ್ವರದ ನಡುವೆಯೂ ಜಾಗ. ಕ್ಯಾಮರಾ ಬಿಲ್ಲಿಯ ಮುಖ ತೋರಿಸುತ್ತದೆ. ಅವರು ತಲೆದೂಗುತ್ತಾರೆ, ಮುಗುಳ್ನಗುತ್ತಾರೆ, ಕಣ್ಣಲ್ಲೇ ಹೌದು ಎನ್ನುತ್ತಾರೆ. ಓಗೊಡುವುದಕ್ಕೆ ಸ್ವರವೂ ಬೇಕಿಲ್ಲ ಎಂದು ನನಗೆ ಗೊತ್ತಾದದ್ದು ಆ ಮುಖ ನೋಡಿ. 1959ರ ಮಾರ್ಚ್‌ನಲ್ಲಿ ಲೆಸ್ಟರ್ ಹೋದರು. ಜುಲೈನಲ್ಲಿ ಬಿಲ್ಲಿ.

ಬೀಬಾಪ್ ಬಗ್ಗೆ ಇವತ್ತು ಜಾಸ್ತಿ ಹೇಳುವುದಿಲ್ಲ. ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ, ಥೆಲೋನಿಯಸ್ ಮಂಕ್ ಇವರೆಲ್ಲ ಹಾರ್ಲೆಮ್‌ನ ಮಿಂಟನ್ಸ್ ಕ್ಲಬ್ಬಿನಂಥ ಜಾಗಗಳಲ್ಲಿ ರಾತ್ರಿಯೆಲ್ಲ ನುಡಿಸಿ ಕಟ್ಟಿದ ವೇಗದ, ಕಷ್ಟದ ಸಂಗೀತ ಅದು. 1942ರ ಆಗಸ್ಟ್‌ನಿಂದ ಸಂಗೀತಗಾರರ ಸಂಘ ಧ್ವನಿಮುದ್ರಣ ನಿಲ್ಲಿಸಿ ಮುಷ್ಕರ ಹೂಡಿತ್ತು. ಹಾಗಾಗಿ ಅದು ಹುಟ್ಟಿ ಬೆಳೆದ ಹೊತ್ತಿನ ಪ್ಲೇಟುಗಳು ನಮಗೆ ಸಿಗುವುದು ಅಪರೂಪ. ಪಾರ್ಕರ್ ಬದುಕಿದ್ದು 34 ವರ್ಷ ಮಾತ್ರ.

ಅಲ್ಲಿ ನಮ್ಮ ಕಿವಿಗೆ ಆಗುವ ಒಂದು ತೊಂದರೆಯನ್ನು ಮಾತ್ರ ಹೇಳುತ್ತೇನೆ. ನಮ್ಮ ಸಂಗೀತದಲ್ಲಿ ತಂಬೂರಿ ಒಂದೇ ಶ್ರುತಿ ಹಿಡಿದು ಕೂರುತ್ತದೆ. ಅದು ನೆಲ. ನಾವು ಅದರ ಮೇಲೆ ಎಷ್ಟು ದೂರ ಹೋದರೂ ನೆಲ ಅಲ್ಲೇ ಇರುತ್ತದೆ. ಜಾಝ್‌ನಲ್ಲಿ ಹಿಂದಿನ ಸ್ವರಗುಚ್ಛಗಳು ಬದಲಾಗುತ್ತಾ ಹೋಗುತ್ತವೆ. ನೆಲವೇ ನಡೆಯುತ್ತದೆ. ಪಾರ್ಕರ್ ಕಾಲದಲ್ಲಿ ಅದು ಓಡುತ್ತದೆ. ನನಗೂ ಮೊದಮೊದಲು ಹಿಡಿಯಲು ಏನೂ ಸಿಗದೆ ಕ್ಯಾಸೆಟ್ ನಿಲ್ಲಿಸಿಬಿಡುತ್ತಿದ್ದೆ. ಅಂಥವರಿಗೆ ಒಂದು ಬಾಗಿಲು ಇದೆ. 1959ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತೆರೆದದ್ದು.

'ಕೈಂಡ್ ಆಫ್ ಬ್ಲೂ' ಎಂಬ ಆ ಪ್ಲೇಟು ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೋದಲ್ಲಿ ಎರಡೇ ದಿನದಲ್ಲಿ ಮುದ್ರಣವಾಯಿತು. ಮಾರ್ಚ್ 2 ಮತ್ತು ಏಪ್ರಿಲ್ 22. ಆ ಕಟ್ಟಡ ಮೊದಲು ಚರ್ಚ್ ಆಗಿತ್ತು. ಮೊದಲ ಹಾಡು 'ಸೋ ವಾಟ್'. ಅದರಲ್ಲಿ ನೆಲ ಹೆಚ್ಚುಕಮ್ಮಿ ನಿಂತಿದೆ. 16 ಆವರ್ತ ಒಂದೇ ಸ್ವರಗುಂಪು, 8 ಆವರ್ತ ಅರ್ಧ ಸ್ವರ ಮೇಲೆ, ಮತ್ತೆ 8 ಆವರ್ತ ವಾಪಸ್. ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಬಿಳಿ ಎರಡರಿಂದ ಕಪ್ಪು ಎರಡಕ್ಕೆ ಹೋಗಿ ಬರುವುದು, ಅಷ್ಟೇ. ಸ್ವರಗಳು ಯಾವುವು ಗೊತ್ತಾ? ನಮ್ಮ ಖರಹರಪ್ರಿಯದ ಏಳು ಸ್ವರಗಳೇ. ಹಿಂದೂಸ್ತಾನಿಯವರಿಗೆ ಕಾಫಿ ಥಾಟ್. ರಾಗ ಅದೇ ಎಂದು ನಾನು ಹೇಳುತ್ತಿಲ್ಲ. ರಾಗಕ್ಕೆ ಬೇಕಾದ ನಡೆ, ಗಮಕ ಇಲ್ಲಿಲ್ಲ. ಸ್ವರಗಳ ಮನೆ ಮಾತ್ರ ಅದೇ.

ಕೇಳಿ ನೋಡಿ. ಪಾಲ್ ಚೇಂಬರ್ಸ್ ಬಾಸ್ ಎಂಬ ದಪ್ಪ ದನಿಯ ವಾದ್ಯದ ತಂತಿಗಳ ಮೇಲೆ ಒಂದು ಸಾಲು ಕೇಳುತ್ತಾರೆ. ಬಿಲ್ ಎವಾನ್ಸ್ ಪಿಯಾನೊದಲ್ಲಿ ಎರಡು ಪೆಟ್ಟಿನ ಉತ್ತರ ಕೊಡುತ್ತಾರೆ. ಆಮೇಲೆ ಟ್ರಂಪೆಟ್, ಸ್ಯಾಕ್ಸೊಫೋನ್‌ಗಳೂ ಆ ಉತ್ತರಕ್ಕೆ ದನಿ ಸೇರಿಸುತ್ತವೆ. ಚರ್ಚಿನಲ್ಲಿ ಪಾದ್ರಿ ಒಂದು ಮಾತು ಹೇಳಿದಾಗ ಸಭೆ 'ಆಮೆನ್' ಎನ್ನುವ ಹಾಗೆಯೇ ಅದು. ಹೊಲದಿಂದ, ಚರ್ಚಿನಿಂದ ಬಂದ ಕರೆ ಇಲ್ಲಿ ಎಷ್ಟು ಸಣ್ಣ ದನಿಯಲ್ಲಿ ಬಂದಿದೆ ನೋಡಿ. ಇನ್ನೊಂದು ಗಳಿಗೆಯನ್ನು ತಪ್ಪಿಸಿಕೊಳ್ಳಬೇಡಿ. ಮೈಲ್ಸ್ ತನ್ನ ಸರದಿ ಶುರು ಮಾಡುವ ಕ್ಷಣಕ್ಕೆ ಸರಿಯಾಗಿ ಡ್ರಮ್ಮರ್ ಜಿಮ್ಮಿ ಕಾಬ್ ತಾಳದ ತಟ್ಟೆಗೆ ಒಂದು ಏಟು ಹಾಕುತ್ತಾರೆ. ಅದರ ಝೇಂಕಾರ ನಿಧಾನಕ್ಕೆ ಆರುತ್ತಾ ಹೋಗುತ್ತದೆ, ಟ್ರಂಪೆಟ್ ಅದರೊಳಗಿನಿಂದ ನಡೆದು ಬರುತ್ತದೆ. ಈ ಪ್ಲೇಟನ್ನು ಈಗ ಕಾಫಿ ಅಂಗಡಿಗಳಲ್ಲಿ ಜನ ಮಾತಾಡುವಾಗ ಹಿಂದೆ ಹಾಕಿರುತ್ತಾರೆ. ನನಗೆ ಸಂಕಟವಾಗುತ್ತದೆ. ಪರಸ್ಪರ ಅಷ್ಟು ಗಮನ ಕೊಟ್ಟು ಕೇಳಿಸಿಕೊಂಡವರ ಸಂಗೀತವನ್ನು ಗಮನ ಕೊಡದೆ ಕೇಳುವುದು ಸರಿಯಲ್ಲ.

ಯಂತ್ರ ಇಲ್ಲೂ ಕೈಕೊಟ್ಟಿತ್ತು. ಮಾರ್ಚ್ 2ರಂದು ಟೇಪ್ ಸ್ವಲ್ಪ ನಿಧಾನ ಓಡಿತ್ತು. ಹಾಗಾಗಿ ಮೊದಲ ಬದಿಯ ಮೂರೂ ಹಾಡುಗಳ ಶ್ರುತಿ ಪ್ಲೇಟಿನಲ್ಲಿ ಚೂರು ಏರಿ ಬಂತು. ಅದನ್ನು ತಿದ್ದಿದ್ದು 1990ರ ದಶಕದಲ್ಲಿ.

ಪ್ಲೇಟು ಹೊರಬಂದದ್ದು 1959ರ ಆಗಸ್ಟ್ 17ಕ್ಕೆ. ಆಗಸ್ಟ್ 25ರ ರಾತ್ರಿ ಮೈಲ್ಸ್ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ನುಡಿಸುತ್ತಿದ್ದರು. ಬಿಡುವಿನಲ್ಲಿ ಒಬ್ಬ ಬಿಳಿ ಮಹಿಳೆಯನ್ನು ಟ್ಯಾಕ್ಸಿ ಹತ್ತಿಸಿ ಹೊರಗೆ ಸಿಗರೇಟು ಸೇದುತ್ತಾ ನಿಂತಿದ್ದರು. ಬಾಗಿಲ ಮೇಲೆ ಅವರದೇ ಹೆಸರಿನ ಫಲಕ. ಪೊಲೀಸ್ ಬಂದು ಜಾಗ ಖಾಲಿ ಮಾಡು ಎಂದ. ನಾನು ಇಲ್ಲೇ ಕೆಲಸ ಮಾಡುವವನು ಎಂದರು. ಪೊಲೀಸರು ತಲೆ ಒಡೆಯುವ ಹಾಗೆ ಹೊಡೆದರು. ಹೊಲಿಗೆ ಹಾಕಬೇಕಾಯಿತು. 'ಸೋ ವಾಟ್' ಕೇಳುವಾಗ ನನಗೆ ಈ ಸಂಗತಿ ಮರೆಯುವುದೇ ಇಲ್ಲ.

ಆ ಪ್ಲೇಟಿನಲ್ಲಿ ಟೆನರ್ ಸ್ಯಾಕ್ಸೊಫೋನ್ ಊದಿದ ಜಾನ್ ಕೋಲ್ಟ್ರೇನ್‌ರ ಅಜ್ಜಂದಿರಿಬ್ಬರೂ ಪಾದ್ರಿಗಳು. 1963ರ ಸೆಪ್ಟೆಂಬರ್ 15ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಚರ್ಚಿಗೆ ಬಾಂಬು ಇಟ್ಟರು. ನಾಲ್ಕು ಹೆಣ್ಣುಮಕ್ಕಳು ಸತ್ತರು. ಎರಡು ತಿಂಗಳ ನಂತರ ಕೋಲ್ಟ್ರೇನ್ 'ಅಲಬಾಮಾ' ಎಂಬ ಹಾಡು ಮುದ್ರಿಸಿದರು. ಮುಂದಿನ ವರ್ಷ, 1964ರ ಡಿಸೆಂಬರ್ 9ರಂದು, ನ್ಯೂಜೆರ್ಸಿಯಲ್ಲಿ 'ಎ ಲವ್ ಸುಪ್ರೀಮ್'. ನಾಲ್ಕು ಭಾಗ. ಕೊನೆಯದರ ಹೆಸರು 'ಸಾಮ್', ಅಂದರೆ ಸ್ತೋತ್ರ. ಪ್ಲೇಟಿನ ಹೊದಿಕೆಯಲ್ಲಿ ಕೋಲ್ಟ್ರೇನ್ ಬರೆದ ಪ್ರಾರ್ಥನೆ ಅಚ್ಚಾಗಿದೆ. ಅದನ್ನು ಕೈಯಲ್ಲಿ ಹಿಡಿದು ಕೇಳಿದರೆ ಗೊತ್ತಾಗುತ್ತದೆ, ಸ್ಯಾಕ್ಸೊಫೋನ್ ಆ ಪದ್ಯವನ್ನು ಅಕ್ಷರ ಅಕ್ಷರವಾಗಿ ಓದುತ್ತಿದೆ. ಕೀರ್ತನೆ ನುಡಿಸುವ ನಮ್ಮ ವೈಣಿಕರು, ನಾಗಸ್ವರದವರು ಸಾಹಿತ್ಯವನ್ನು ಮನಸ್ಸಿನಲ್ಲಿ ಹೇಳಿಕೊಂಡೇ ನುಡಿಸುತ್ತಾರಲ್ಲ, ಹಾಗೆ. ಕೋಲ್ಟ್ರೇನ್‌ಗೆ ನಮ್ಮ ದೇಶದ ಸಂಗೀತದ ಮೇಲೆ ಬಹಳ ಪ್ರೀತಿ ಇತ್ತು. 1961ರಲ್ಲಿ 'ಇಂಡಿಯಾ' ಎಂಬ ಹಾಡು ನುಡಿಸಿದರು. ಮಗನಿಗೆ ಸಿತಾರ್ ವಾದಕ ರವಿಶಂಕರ್ ಮೇಲಿನ ಗೌರವದಿಂದ ರವಿ ಎಂದು ಹೆಸರಿಟ್ಟರು. 1967ರಲ್ಲಿ, 40ನೇ ವಯಸ್ಸಿನಲ್ಲಿ ತೀರಿಕೊಂಡರು.

ಜಾಝ್‌ಗೂ ಕರ್ನಾಟಕಕ್ಕೂ ಏನಾದರೂ ಸಂಬಂಧ ಇದೆಯಾ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಇದೆ. ಅದು ಚಾರ್ಲ್ಸ್ ಮಿಂಗಸ್ ಮನೆಯ ಬಾಗಿಲಿನಿಂದ ಬಂತು.

ಮಿಂಗಸ್ ಬಾಸ್ ನುಡಿಸುತ್ತಿದ್ದ ಸಿಟ್ಟಿನ, ಪ್ರೀತಿಯ ಮನುಷ್ಯ. ಅರ್ಕಾನ್ಸಾದ ಗವರ್ನರ್ ಫೌಬಸ್ 1957ರಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಶಾಲೆ ಸೇರದಂತೆ ಬಾಗಿಲಲ್ಲಿ ಸೈನಿಕರನ್ನು ನಿಲ್ಲಿಸಿದ. ಮಿಂಗಸ್ ಅವನ ಮೇಲೆ ಹಾಡು ಕಟ್ಟಿದರು. 1959ರಲ್ಲಿ ಕೊಲಂಬಿಯಾ ಅದರ ಮಾತುಗಳನ್ನು ಬಿಡಿಸಿ ಬರೀ ವಾದ್ಯ ಮುದ್ರಿಸಿತು. ಮರುವರ್ಷ ಇನ್ನೊಂದು ಕಂಪನಿಯಲ್ಲಿ ಮಾತು ಸಮೇತ ಬಂತು. ಮಿಂಗಸ್ ಪ್ರಶ್ನೆ ಕೂಗುತ್ತಾರೆ, ಡ್ರಮ್ಮರ್ ಡ್ಯಾನಿ ರಿಚ್ಮಂಡ್ ಉತ್ತರ ಕೂಗುತ್ತಾರೆ. ನನಗೆ ಆ ಎರಡನೆಯದೇ ಇಷ್ಟ. ಅದರಲ್ಲಿ ಹೊಲದ ಸದ್ದಿದೆ.

1959ರ ಆ ಮಿಂಗಸ್ ಪ್ಲೇಟಿನಲ್ಲಿ ಜಾನ್ ಹ್ಯಾಂಡಿ ಎಂಬ ಸ್ಯಾಕ್ಸೊಫೋನ್ ವಾದಕ ಇದ್ದರು. 1963ರ ಇನ್ನೊಂದು ಮಿಂಗಸ್ ಪ್ಲೇಟಿನಲ್ಲಿ ಚಾರ್ಲಿ ಮರಿಯಾನೊ ಇದ್ದರು. ಬಂಟ್ವಾಳ ಕಡೆಯ ನಾಗಸ್ವರ ಮನೆತನದ ಕದ್ರಿ ಗೋಪಾಲನಾಥ್ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಕಥೆ ನಿಮಗೆಲ್ಲ ಗೊತ್ತು. ವಾದ್ಯದಲ್ಲೇ ಒಂದಿಷ್ಟು ಬದಲಾವಣೆ ಮಾಡಿಕೊಂಡು ಅದರಿಂದ ಗಮಕ ಹೊರಡಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ಜೊತೆ ನುಡಿಸಿದವರು ಇದೇ ಜಾನ್ ಹ್ಯಾಂಡಿ. ಇನ್ನು ಮರಿಯಾನೊ ನಾಗಸ್ವರ ಕಲಿತರು, ಬೆಂಗಳೂರಿಗೆ ಬಂದರು. ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ 1983ರಲ್ಲಿ 'ಜ್ಯೋತಿ' ಎಂಬ ಪ್ಲೇಟು ಮಾಡಿದರು. ಹಾಡಿದವರು ಆರ್.ಎ. ರಮಾಮಣಿ. ಅದನ್ನೂ ಸ್ವಲ್ಪ ಕೇಳಿಸಿದೆ. ರಮಾಮಣಿಯವರ ದನಿಯ ಪಕ್ಕದಲ್ಲಿ ಸ್ಯಾಕ್ಸೊಫೋನ್ ಹೇಗೆ ಕಾಯುತ್ತದೆ, ಯಾವಾಗ ಬಾಯಿ ತೆರೆಯುತ್ತದೆ ಎನ್ನುವುದನ್ನು ಗಮನಿಸಿ. ಬೆಸ್ಸಿ ಪಕ್ಕದಲ್ಲಿ ಲೂಯಿ ನಿಂತ ಹಾಗೆಯೇ ನನಗೆ ಕೇಳಿಸುತ್ತದೆ.

ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. 'ಸರ್, ಹಾಡುವ ಹೆಂಗಸರ ಹೆಸರು ಹೇಳಿದಿರಿ. ನುಡಿಸುವ ಹೆಂಗಸರು ಇರಲಿಲ್ವಾ?'

ಲಿಲ್ ಹಾರ್ಡಿನ್ ಹೆಸರು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ. ಲಿಲ್ ಮೆಂಫಿಸ್‌ನವರು. ಷಿಕಾಗೋದ ಸಂಗೀತದ ಅಂಗಡಿಯೊಂದರಲ್ಲಿ ಬಂದವರಿಗೆ ಹಾಡುಗಳನ್ನು ನುಡಿಸಿ ತೋರಿಸುವ ಕೆಲಸದಲ್ಲಿದ್ದರು. ಮುಂದೆ ಆಲಿವರ್ ತಂಡಕ್ಕೆ ಬಂದರು. 1924ರಲ್ಲಿ ಲೂಯಿಯನ್ನು ಮದುವೆಯಾದರು. ಎರಡನೇ ಕಾರ್ನೆಟ್ ಆಗಿ ಗುರುವಿನ ನೆರಳಲ್ಲಿ ಕೂರಬೇಡ, ಹೊರಡು ಎಂದು ಗಂಡನನ್ನು ಹೊರಡಿಸಿದವರು ಅವರು. ಆತ ನ್ಯೂಯಾರ್ಕಿಗೆ ಹೋದದ್ದು ಹಾಗೆ. ಬೆಸ್ಸಿ ಪಕ್ಕದಲ್ಲಿ ನಿಂತು ನಾವು ಮೊದಲು ಕೇಳಿದ ಆ ಉತ್ತರ ಊದಿದ್ದೂ ಹಾಗೆ. ವಾಪಸ್ ಬಂದ ಮೇಲೆ ಆತನ 'ಹಾಟ್ ಫೈವ್' ತಂಡದಲ್ಲಿ ಪಿಯಾನೊ ನುಡಿಸಿದರು, ಹಾಡು ಕಟ್ಟಿಕೊಟ್ಟರು. ಮುಂದೆ ಇಬ್ಬರೂ ಬೇರೆಯಾದರು. 1938ರಲ್ಲಿ ವಿಚ್ಛೇದನವಾಯಿತು.

1971ರ ಜುಲೈ 6ರಂದು ಲೂಯಿ ತೀರಿಕೊಂಡರು. ಆಗಸ್ಟ್ 27ರಂದು ಷಿಕಾಗೋದಲ್ಲಿ ಅವರ ನೆನಪಿನ ಕಛೇರಿ ಇತ್ತು. ಲಿಲ್ ಪಿಯಾನೊ ಮುಂದೆ ಕೂತು 'ಸೇಂಟ್ ಲೂಯಿಸ್ ಬ್ಲೂಸ್' ನುಡಿಸುತ್ತಿದ್ದರು. ನುಡಿಸುತ್ತಿದ್ದ ಹಾಗೆಯೇ ಕುಸಿದು ಪ್ರಾಣ ಬಿಟ್ಟರು.

ಆ ಹುಡುಗಿ ಕೂತುಕೊಂಡಳು. ನಾನು ಮೊದಲ ಹಾಡನ್ನೇ ಇನ್ನೊಂದು ಸಲ ಹಾಕಿದೆ.